ಗೋವಿಂದಮ್ಮನ ಸಹಿಯನ್ನು ಹಿಂದಿರುಗಿಸಿ

ಪರಿವರ್ತನಾ ಕೋಶದ ಮುಖ್ಯಸ್ಥರಿಗೆ,

ಮಾನ್ಯರೇ ಎಂದು ಕರೆಯುವುದು ಪದ್ಧತಿ, ಕರೆದಿದ್ದೇನೆ. ಇನ್ನು ವಿಷಯಕ್ಕೆ ಬರುತ್ತೇನೆ. ಮಾರ್ಚ್ ಹದಿನೇಳರಂದು ನಮ್ಮ ತಪಾಸಣೆ ವಿಭಾಗದ ನಲವತ್ತೊಂದು ಜನ 'ಬದಲಾವಣೆಗೆ ನಮ್ಮ ಪೂರ್ಣ ಬೆಂಬಲವಿದೆ' ಎಂಬ ಹಾಳೆಗೆ ಸಹಿ ಹಾಕಿದೆವು. ಏಪ್ರಿಲ್ ಏಳರಂದು ನೀವು ಅದೇ ಸಹಿಗಳನ್ನು ಮುಂದಿಟ್ಟುಕೊಂಡು ನಮ್ಮಲ್ಲಿ ಎಂಟು ಜನರನ್ನು 'ಹೆಚ್ಚುವರಿ' ಎಂದು ಕರೆದು, ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಿಂದಲೂ ಆಚೆ, ಹೊಸಕೋಟೆ ದಾರಿಯ ಗೋಡೌನಿಗೆ ವರ್ಗ ಮಾಡಿದಿರಿ. ಆ ಎಂಟರಲ್ಲಿ ಗೋವಿಂದಮ್ಮ ಒಬ್ಬಳು. ಬರುವ ಸೋಮವಾರ ಅವಳು ಅಲ್ಲಿ ಹಾಜರಾಗಬೇಕು. ಸಹಿ ಅವಳದೇ, ಸುಳ್ಳಲ್ಲ. ಆದರೆ ಅದನ್ನು ಹಾಕಿಸಿದವಳು ನಾನು. ಅದಕ್ಕೇ ಈ ಪತ್ರವನ್ನು ನಿಮ್ಮ ಟಪಾಲು ಪೆಟ್ಟಿಗೆಗೆ ಹಾಕದೆ ಎಲ್ಲರೂ ಓದುವ ಹಾಗೆ ಕ್ಯಾಂಟೀನಿನ ಬಾಗಿಲಿಗೆ ಅಂಟಿಸಿದ್ದೇನೆ. ಪೆಟ್ಟಿಗೆಗೆ ಹಾಕಿದ ಎರಡು ಪತ್ರಗಳು ಏನಾದವು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಾನು ಸಂಶಯದ ಪ್ರಾಣಿ. ಇದನ್ನು ನಾನು ಒಪ್ಪಿಕೊಳ್ಳುವುದಕ್ಕಿಂತ ಮೊದಲೇ ನಮ್ಮ ವಿಭಾಗದವರು ಒಪ್ಪಿಕೊಂಡಿದ್ದಾರೆ. ದಾವಣಗೆರೆ ಕಡೆಯಿಂದ ಮದುವೆಯಾಗಿ ಬಂದು ಜೋಗುಪಾಳ್ಯದಲ್ಲಿ ಸಂಸಾರ ಹೂಡಿದವಳು, ಹದಿನಾರು ವರ್ಷದಿಂದ ಈ ಕಾರ್ಖಾನೆಯಲ್ಲಿ ತಕ್ಕಡಿಗಳ ಮುಳ್ಳು ನೋಡುತ್ತಿದ್ದೇನೆ. ಖಾಲಿ ತಟ್ಟೆಯ ಮೇಲೆ ಮುಳ್ಳು ಕೂದಲೆಳೆಯಷ್ಟು ಆಚೆ ನಿಂತರೂ ಆ ತಕ್ಕಡಿಯನ್ನು ವಾಪಸ್ಸು ಕಳಿಸುವುದು ನನ್ನ ಕೆಲಸ. ಕೆಲಸ ಮುಗಿದ ಮೇಲೂ ಆ ಚಟ ಬಿಡುವುದಿಲ್ಲ. ಸೊಪ್ಪಿನವಳು ಕೇಳದೆ ಕೊಸರು ಹಾಕಿದರೆ ಯಾಕೆ ಹಾಕಿದಳು ಎಂದು ಮನೆ ಮುಟ್ಟುವ ತನಕ ಯೋಚಿಸುತ್ತೇನೆ. ನಮ್ಮ ಯಜಮಾನರು ಪಂಚಾಕ್ಷರಯ್ಯನವರು ಒಮ್ಮೆ ಹಬ್ಬವಿಲ್ಲ ಹುಣ್ಣಿಮೆಯಿಲ್ಲ ಸುಮ್ಮನೆ ಎರಡು ಮೊಳ ಮಲ್ಲಿಗೆ ತಂದಾಗ, 'ಏನ್ರೀ, ಏನ್ ಸಮಾಚಾರ?' ಎಂದೇ ಕೇಳಿದೆ. ಪಾಪ, ಅವತ್ತಿಂದ ಅವರು ಹೂ ತಂದಿಲ್ಲ.

ಇಂಥವಳು ಒಂದು ಕಾಗದಕ್ಕೆ 'ಆಗಬಹುದು' ಎಂದರೆ ನಮ್ಮ ವಿಭಾಗದಲ್ಲಿ ಅದಕ್ಕೊಂದು ಬೆಲೆಯಿತ್ತು. ಅದು ಹೇಗೆ ಬಂತೆಂದು ಹೇಳುತ್ತೇನೆ, ನಿಮ್ಮ ಕೋಶದ ಕಡತದಲ್ಲಿ ಇದು ಇರಲಿಕ್ಕಿಲ್ಲ. ನಮ್ಮಲ್ಲಿ ಓದಲು ಬಾರದವರು ಹದಿನಾಲ್ಕು ಜನ. ಓದು ಬಂದವರಲ್ಲೂ ನಿಮ್ಮ ಸುತ್ತೋಲೆಗಳ ಭಾಷೆ ಅರ್ಥವಾಗುವವರು ಕಡಿಮೆ. ಅದಕ್ಕೆ, ಯಾವ ಸುತ್ತೋಲೆ ಬಂದರೂ ಬೆಳಿಗ್ಗೆ ಹತ್ತರ ಟೀ ಹೊತ್ತಿನಲ್ಲಿ ಕ್ಯಾಂಟೀನಿನ ಮೂರನೇ ಮೇಜಿನ ಹತ್ತಿರ ನಿಂತು ನಾನು ಅದನ್ನು ಆಡುಮಾತಿನಲ್ಲಿ ಹೇಳುತ್ತೇನೆ. ನಮ್ಮ ವಿಭಾಗದವರೇ ಆದ ಅನೀಸ್ ಭಾಯ್ ಅದನ್ನೇ ದಖನಿ ಉರ್ದುವಿನಲ್ಲಿ ಇನ್ನೊಮ್ಮೆ ಹೇಳುತ್ತಾರೆ, ನಡುನಡುವೆ ತಮಿಳೂ ಬರುತ್ತದೆ. ಕೊನೆಗೆ ಹಾಳೆಯನ್ನು ಎತ್ತಿ ಹಿಡಿದು ಅದರ ಬೆನ್ನು ತೋರಿಸುತ್ತೇನೆ. ತೊಂಬತ್ತೊಂದರಲ್ಲಿ ಒಂದು ಸುತ್ತೋಲೆಯ ಮುಂಭಾಗದಲ್ಲಿ ಹೊಸ ಸಮವಸ್ತ್ರದ ಶುಭವಾರ್ತೆಯಿತ್ತು, ಹಿಂಭಾಗದಲ್ಲಿ ಶನಿವಾರದ ಅರ್ಧ ದಿನ ರದ್ದಾದ ಸುದ್ದಿಯಿತ್ತು. ಅವತ್ತು ಯಾರೂ ತಿರುಗಿಸಿ ನೋಡಲಿಲ್ಲ. ಆಮೇಲೆ ಗೋವಿಂದಮ್ಮ ಪ್ರತಿ ಸಲವೂ ಕೇಳುವಳು, 'ಹಿಂದ್ಗಡೆ ಏನೈತಕ್ಕಾ?' ನಾನು ತಿರುಗಿಸಿ, 'ಏನೂ ಇಲ್ಲ, ನೋಡು' ಅನ್ನುವೆ. ಅಷ್ಟಾದ ಮೇಲೇ ಪೆನ್ನು ಕೈಯಿಂದ ಕೈಗೆ ಹೋಗುವುದು. ಹದಿಮೂರು ವರ್ಷ ಹೀಗೇ ನಡೆಯಿತು.

ಈ ಜನವರಿಯಲ್ಲಿ ನಿಮ್ಮ ಕೋಶ ಹುಟ್ಟಿತು. ಸ್ಟೇಷನರಿ ತುಂಬುತ್ತಿದ್ದ ಕೋಣೆಗೆ ಸುಣ್ಣ ಹೊಡೆಸಿ, 'ಪರಿವರ್ತನಾ ಕೋಶ' ಎಂದು ಹಿತ್ತಾಳೆಯ ಫಲಕ ಹಾಕಿಸಿದಿರಿ. ಫಲಕ ಬಂದ ವಾರಕ್ಕೆ ನಿಮ್ಮ ಅಧಿಕಾರಿಯೊಬ್ಬರು ನಮ್ಮ ಮೇಜುಗಳ ನಡುವೆ ಓಡಾಡತೊಡಗಿದರು. ನಗುತ್ತಿದ್ದರು. ನಮ್ಮಲ್ಲಿ ಅಧಿಕಾರಿ ನಗುತ್ತಾ ಬಂದರೆ ಯಾರದೋ ತಲೆ ಮೇಲೆ ಬಂತು ಅಂತಲೇ ಲೆಕ್ಕ. ಎರಡನೇ ದಿನ ನನ್ನನ್ನು 'ಅಕ್ಕಾ' ಎಂದರು. ಮೂರನೇ ದಿನ, 'ಅಕ್ಕಾ, ನೀವು ಮೀಟಿಂಗಿಗೆ ಬರ್ಬೇಕು, ನಿಮ್ಮ ಅಭಿಪ್ರಾಯ ಇಲ್ದೆ ನಾವು ಏನೂ ಮಾಡೋದಿಲ್ಲ' ಎಂದರು. ಅತಿ ವಿನಯ ಧೂರ್ತ ಲಕ್ಷಣ ಎಂದು ನನ್ನ ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಆದರೂ ಹೋದೆ. ಹವಾನಿಯಂತ್ರಿತ ಕೋಣೆ, ಮೆತ್ತನೆಯ ಕುರ್ಚಿ, ಎದುರಿಗೆ 'ಶ್ರೀಮತಿ ವಿಮಲಾಕ್ಷಿ' ಎಂದು ಅಚ್ಚು ಹಾಕಿಸಿ ಮಡಿಸಿ ನಿಲ್ಲಿಸಿದ ರಟ್ಟು, ಸಾಸರಿನ ಮೇಲೆ ಟೀ ಕಪ್ಪು. ಹದಿನಾರು ವರ್ಷದಲ್ಲಿ ಈ ಕಾರ್ಖಾನೆ ನನ್ನ ಹೆಸರನ್ನು ಅಚ್ಚು ಹಾಕಿಸಿದ್ದು ಒಮ್ಮೆ ಮಾತ್ರ, ಮೂರು ದಿನ ತಡವಾಗಿ ಬಂದದ್ದಕ್ಕೆ ಕೊಟ್ಟ ಮೆಮೋದಲ್ಲಿ. ಸುಳ್ಳು ಹೇಳುವುದಿಲ್ಲ ಮಾನ್ಯರೇ, ಆ ರಟ್ಟನ್ನು ಪರ್ಸಿನಲ್ಲಿಟ್ಟುಕೊಂಡು ಮನೆಗೆ ತಂದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇದು ನನಗೇ ನಾಚಿಕೆಯ ಸಂಗತಿ. ಎರಡನೇ ಮೀಟಿಂಗ್ ಮುಗಿದ ಮೇಲೆ ಮರೆತ ಕನ್ನಡಕಕ್ಕೆಂದು ವಾಪಸ್ಸು ಹೋದಾಗ ಆ ಕೋಣೆಯ ಸ್ಟ್ಯಾಂಡಿನ ಮೇಲೆ ಒಂದು ದೊಡ್ಡ ಹಾಳೆ ತೂಗುತ್ತಿತ್ತು. ನಮ್ಮ ವಿಭಾಗದವರ ಹೆಸರುಗಳು ಮೂರು ಸಾಲು. ಬೆಂಬಲಿಸುವವರು, ಸುಮ್ಮನಿರುವವರು, ಸಂಶಯಪಡುವವರು. ಮೂರನೇ ಸಾಲಿನಲ್ಲಿ ನನ್ನ ಹೆಸರೇ ಮೊದಲು, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ನನಗೂ ಅಷ್ಟು ಓದಲು ಬರುತ್ತದೆ: ಈಕೆಯನ್ನು ಮೊದಲು ಒಲಿಸಿಕೊಳ್ಳಿ, ಉಳಿದವರು ತಾವಾಗಿ ಬರುತ್ತಾರೆ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಖುಷಿಯಾಯಿತು! ಎರಡು ಗೆರೆ ನನಗೊಬ್ಬಳಿಗೇ ಇತ್ತು. 'ಒಲಿಸಿಕೊಳ್ಳಲಿ ನೋಡೋಣ, ನಾನೇನು ಸುಲಭಕ್ಕೆ ಒಲಿಯುವ ಪೈಕಿಯೇ?' ಎಂದುಕೊಂಡು ಕನ್ನಡಕ ಹಾಕಿಕೊಂಡು ಹೊರಗೆ ಬಂದೆ.

ನೀವು ಹೇಳಿದ ಬದಲಾವಣೆ ತಪ್ಪೆಂದು ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ಉದ್ದ ಸಾಲಿನ ಕೊನೆಯಲ್ಲಿ ತಕ್ಕಡಿಗಳು ದಿನಗಟ್ಟಲೆ ಕಾಯುತ್ತಿದ್ದವು. ಐದೈದು ಜನ ಒಂದು ಮೇಜಿಗೆ ಕೂತು ಜೋಡಿಸಿದಲ್ಲೇ ಪರೀಕ್ಷಿಸಿದರೆ ಕೆಲಸ ಬೇಗ ಸಾಗುತ್ತದೆ, ಇದು ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಮೀನು ಮಾರುವವರೂ ಗುಂಡಿ ಒತ್ತುವ ತಕ್ಕಡಿ ಇಟ್ಟುಕೊಂಡ ಮೇಲೆ ನಮ್ಮ ಮುಳ್ಳಿನ ತಕ್ಕಡಿ ಎಷ್ಟು ದಿನ ಓಡೀತು ಎಂಬ ದಿಗಿಲು ನಮಗೂ ಇದೆ. ಆದ್ದರಿಂದ ನಾನು ಜಗಳವಾಡಲಿಲ್ಲ, ಮೂರು ಮಾತು ಕೇಳಿದೆ. ಕಣ್ಣು ಮಂಜಾಗುತ್ತಿರುವ ಅಂಜನಮೂರ್ತಿಯವರಿಗೆ ಕಿಟಕಿಯ ಪಕ್ಕದ ಜಾಗ ಹಾಗೇ ಇರಬೇಕು. ಹತ್ತು ಗಂಟೆಯ ಟೀ ತಪ್ಪಬಾರದು. ಮತ್ತೆ, ಯಾರನ್ನೂ ಈ ವಿಭಾಗ ಬಿಡಿಸಬಾರದು. ಮೂರಕ್ಕೂ ನಿಮ್ಮ ಅಧಿಕಾರಿ ತಕ್ಷಣ, 'ಆಯ್ತಕ್ಕಾ' ಎಂದರು. ಈ ಕಾರ್ಖಾನೆಯಲ್ಲಿ ಕೇಳಿದ ತಕ್ಷಣ ಏನಾದರೂ ಸಿಕ್ಕಿದ್ದುಂಟೆ? ಒಂದು ಪೊರಕೆ ಬೇಕೆಂದರೂ ಮೂರು ಅರ್ಜಿ ಬರೆಯಬೇಕು! ಅಲ್ಲೇ ನನ್ನ ಮುಳ್ಳು ಅಲ್ಲಾಡಬೇಕಿತ್ತು. ಅಲ್ಲಾಡಲಿಲ್ಲ, ಯಾಕೆಂದರೆ ನಾನು ಗೆದ್ದೆ ಎಂದುಕೊಂಡಿದ್ದೆ.

ಆಮೇಲೆ ಎರಡು ವಾರ ನಾನು ನಿಮ್ಮ ಕೆಲಸ ಮಾಡಿದೆ. ಬೇಡ ಬೇಡವೆಂದ ಅನೀಸ್ ಭಾಯ್ ಅವರ ಜೊತೆ ಮೂರು ದಿನ ವಾದ ಮಾಡಿ ಒಪ್ಪಿಸಿದೆ. ಅಂಜನಮೂರ್ತಿಯವರ ಮನೆಗೇ ಹೋಗಿ, ಬುದ್ಧನ ಪಟದ ಕೆಳಗೆ ಕೂತು, ಸೀಮೆಸುಣ್ಣದಲ್ಲಿ ಹೊಸ ಮೇಜುಗಳ ನಕ್ಷೆ ಬರೆದು ತೋರಿಸಿದೆ. 'ನೀವ್ ಹೇಳ್ತಿದೀರ ಅಂದ್ರೆ ಸರಿ ವಿಮಲಕ್ಕಾ' ಎಂದರು ಅವರು, ಒಂದು ಪ್ರಶ್ನೆಯನ್ನೂ ಕೇಳದೆ. ಮಾರ್ಚ್ ಹದಿನೇಳರ ಹಾಳೆ ಬಂತು. ದಪ್ಪ ಹಾಳೆ, ಮೇಲೆ ಬಣ್ಣದ ಲಾಂಛನ. ಕೊನೆಯ ಸಾಲಿನಲ್ಲಿ 'ಎರಡನೇ ಅನುಬಂಧದಂತೆ' ಎಂದಿತ್ತು. ಅನುಬಂಧ ಎಲ್ಲಿ ಎಂದು ಕೇಳಿದೆ. ಇಷ್ಟನ್ನಾದರೂ ಕೇಳಿದೆ. 'ಅದು ಮೇಜು ಜೋಡ್ಸೋ ನಕ್ಷೆ ಅಷ್ಟೇ ಅಕ್ಕಾ, ಪ್ರಿಂಟಿಗೆ ಹೋಗಿದೆ, ನಾಳೆ ಕೊಡ್ತೀನಿ' ಎಂದರು ನಿಮ್ಮ ಅಧಿಕಾರಿ. ನಕ್ಷೆ ತಾನೆ, ನಾನೇ ಮನೆಮನೆಗೆ ಹೋಗಿ ಬರೆದು ತೋರಿಸಿದ್ದೇನಲ್ಲ, ಬಿಡು ಎಂದುಕೊಂಡೆ. ಮೂರನೇ ಮೇಜಿನ ಹತ್ತಿರ ನಿಂತು ಹಾಳೆಯನ್ನು ಓದಿ ಹೇಳಿದೆ. ಗೋವಿಂದಮ್ಮ ಎಂದಿನಂತೆ, 'ಹಿಂದ್ಗಡೆ ಏನೈತಕ್ಕಾ?' ಎಂದಳು. ತಿರುಗಿಸಿ ತೋರಿಸಿದೆ. ಬೆಳ್ಳಗಿತ್ತು. 'ಏನೂ ಇಲ್ಲ, ನೋಡು' ಎಂದೆ.

ಆ ಹಾಳೆಯ ಹಿಂದೆ ನಿಜವಾಗಿಯೂ ಏನೂ ಇರಲಿಲ್ಲ. ಇದ್ದದ್ದೆಲ್ಲ ನಿಮ್ಮ ಕಪಾಟಿನಲ್ಲಿತ್ತು. ಗೋವಿಂದಮ್ಮನಿಗೆ ಬರೆಯಲು ಬರುವುದು ತನ್ನ ಹೆಸರಿನ ನಾಲ್ಕು ಅಕ್ಷರ ಮಾತ್ರ, ಅದನ್ನೂ ನಾನೇ ಕಲಿಸಿದ್ದು, ಹೆಬ್ಬೆಟ್ಟು ಒತ್ತುವುದು ಬೇಡವೆಂದು. ನಾಲಗೆ ಕಚ್ಚಿಕೊಂಡು, ಸಾಲಿನ ಮೇಲೊಂದು ಕೆಳಗೊಂದು ಅಕ್ಷರ ಬರೆದು, ಪೆನ್ನು ಮುಚ್ಚಿ ನನ್ನ ಕೈಗೆ ಕೊಟ್ಟಳು.

ಏಪ್ರಿಲ್ ಏಳರ ಆದೇಶದಲ್ಲಿ ನೀವು ಬರೆದಿದ್ದೀರಿ: 'ಸದರಿ ಉದ್ಯೋಗಿಯು ಎರಡನೇ ಅನುಬಂಧದಲ್ಲಿನ ಮರುನಿಯೋಜನೆಗೆ ಮಾರ್ಚ್ ಹದಿನೇಳರಂದೇ ಸ್ವಇಚ್ಛೆಯಿಂದ ಸಮ್ಮತಿಸಿರುವ ಹಿನ್ನೆಲೆಯಲ್ಲಿ.' ಸ್ವಇಚ್ಛೆ! ಕುರಿ ಕೇಳಿ ಮಸಾಲೆ ಅರೀತಾರಾ ಎಂದು ನಮ್ಮ ಜನ ಕೇಳುತ್ತಾರೆ. ನೀವು ಅದಕ್ಕಿಂತ ಮುಂದೆ ಹೋದಿರಿ. ಕುರಿಯನ್ನು ಕೇಳಿದಿರಿ, ಅದರ ಸಹಿ ಪಡೆದಿರಿ, ಮಸಾಲೆಯನ್ನು ಮಾತ್ರ ತೋರಿಸಲಿಲ್ಲ. ಸಂಘದವರ ಹತ್ತಿರ ಹೋದೆ. ಅವರು, 'ಪರಿಶೀಲಿಸೋಣ, ಸಹಿ ಬೇರೆ ಇದೆಯಲ್ಲ' ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅವರ ಕೋಣೆಗೂ ಈಚೆಗೆ ಸುಣ್ಣ ಹೊಡೆಸಿದ್ದೀರಿ ಎಂಬುದನ್ನು ಗಮನಿಸಿದ್ದೇನೆ.

ಗೋಡೌನು ಕಾರ್ಖಾನೆಯದೇ, ಕೆಲಸ ಕೆಲಸವೇ, ಇದರಲ್ಲಿ ಅನ್ಯಾಯವೇನು ಎಂದು ನೀವು ಕೇಳಬಹುದು. ಹೇಳುತ್ತೇನೆ. ಗೋವಿಂದಮ್ಮನ ಅಕ್ಕ ಮುನಿವೆಂಕಟಮ್ಮನಿಗೆ ಲಕ್ವ ಹೊಡೆದು ಐದು ವರ್ಷವಾಯಿತು. ಮನೆಯಲ್ಲಿ ಇವರಿಬ್ಬರೇ. ಮಧ್ಯಾಹ್ನ ಒಂದಕ್ಕೆ ಗಂಟೆ ಬಾರಿಸಿದ ಕೂಡಲೇ ಗೋವಿಂದಮ್ಮ ಗೇಟು ದಾಟಿ ಜೋಗುಪಾಳ್ಯದ ತನ್ನ ಮನೆಗೆ ನಡೆಯುತ್ತಾಳೆ, ಹನ್ನೆರಡು ನಿಮಿಷದ ದಾರಿ. ಮುದ್ದೆಯನ್ನು ಸಾರಿನಲ್ಲಿ ಕಿವುಚಿ ತಿನ್ನಿಸಿ, ಬಾಯಿ ಒರೆಸಿ, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಿ, ಒಂದೂ ಮುಕ್ಕಾಲಿಗೆ ತಿರುಗಿ ಬಂದು ಕೂರುತ್ತಾಳೆ. ತನ್ನ ಊಟವನ್ನು ಬರುವ ದಾರಿಯಲ್ಲೇ ಮುಗಿಸುತ್ತಾಳೆ. ಐದು ವರ್ಷದಲ್ಲಿ ಒಂದು ದಿನವೂ ತಡ ಮಾಡಿಲ್ಲ, ನಿಮ್ಮ ಗೇಟಿನ ಪುಸ್ತಕವನ್ನೇ ನೋಡಿಕೊಳ್ಳಿ. ಆ ಗೋಡೌನಿಗೆ ಹೋಗಬೇಕೆಂದರೆ ಒಂದು ಬಸ್ಸು ಹಿಡಿದು ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ಅಲ್ಲಿ ನೂಕುನುಗ್ಗಲಿನಲ್ಲಿ ಇನ್ನೊಂದು ಹತ್ತಬೇಕು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟವಳು ಸಂಜೆ ಏಳಕ್ಕೆ ಮನೆ ಸೇರುತ್ತಾಳೆ. ಆ ಹನ್ನೆರಡು ಗಂಟೆ ಮುನಿವೆಂಕಟಮ್ಮ ಒಂದೇ ಮಗ್ಗುಲಲ್ಲಿ ಹಸಿದು ಮಲಗಿರಬೇಕು. ಇದನ್ನು ನಿಮ್ಮ ಅನುಬಂಧದ ಯಾವ ಕಲಮಿನಲ್ಲಿ ಬರೆದಿದ್ದೀರಿ ಮಾನ್ಯರೇ?

ಇದನ್ನೆಲ್ಲ ನಿಮ್ಮ ಎದುರಿಗೇ ಹೇಳಲು ಬಂದಿದ್ದೆ. ನೀವು ನಿಲ್ಲಿಸಲಿಲ್ಲ, ಕುರ್ಚಿ ಕೊಟ್ಟಿರಿ. 'ಬದಲಾವಣೆ ಅಂದ್ರೆ ಸ್ವಲ್ಪ ನೋವು ಇದ್ದೇ ಇರತ್ತೆ ಮೇಡಂ' ಎಂದಿರಿ. ಯಾರಿಗೆ ಎಂದು ಕೇಳಿದೆ. ನೀವು ಮೇಜಿನ ಖಾನೆ ಎಳೆದು 'ಪರಿವರ್ತನಾ ಮಿತ್ರ' ಎಂಬ ಪ್ರಮಾಣಪತ್ರ ತೆಗೆದಿರಿ. ಚೌಕಟ್ಟು ಬೇರೆ ಹಾಕಿಸಿದ್ದಿರಿ. ಆಮೇಲೆ ದನಿ ತಗ್ಗಿಸಿ, 'ಮುಂದಿನ ತಿಂಗಳು ಜೋಡಣೆ ವಿಭಾಗ. ಅಲ್ಲಿಯವರೂ ನಿಮ್ಮ ಮಾತು ಕೇಳ್ತಾರೆ ಅಂತ ಗೊತ್ತಾಯ್ತು' ಎಂದಿರಿ. ಅಬ್ಬಾ ನಿಮ್ಮ ಧೈರ್ಯವೇ! ಒಂದು ಮನೆಯ ನಾಯಿಯನ್ನು ಬಿಸ್ಕತ್ತು ಹಾಕಿ ಸುಮ್ಮನಾಗಿಸಿದವನು ಅದನ್ನೇ ಪಕ್ಕದ ಮನೆಗೂ ಕರೆದುಕೊಂಡು ಹೊರಟ ಹಾಗಾಯಿತು. ಆ ಪ್ರಮಾಣಪತ್ರವನ್ನು ನಿಮ್ಮ ಮೇಜಿನ ಮೇಲೇ ಬಿಟ್ಟು ಬಂದೆ. ಮನೆಗೆ ಹೋಗಿ ನನ್ನ ಹೆಸರಿನ ಆ ರಟ್ಟನ್ನು ಒಲೆಗೆ ಹಾಕಿದೆ.

ಈಗ ನನ್ನ ಸಂಶಯಗಳನ್ನು ಕೇಳಿ, ಮತ್ತೆ ಜೀವ ಬಂದಿದೆ ಅವಕ್ಕೆ. ಎಂಟು ಜನರ ಹೆಸರು ಯಾವಾಗ ನಿಶ್ಚಯವಾಯಿತು? ನಮ್ಮ ಅಭಿಪ್ರಾಯ ಕೇಳುವ ಮೊದಲೇ ಅಲ್ಲವೇ? ಹಾಗಿದ್ದರೆ ನನ್ನ ಎದುರು ಆಡಿದ ಆ ನಾಲ್ಕು ಮೀಟಿಂಗುಗಳು ಯಾವ ನಾಟಕ? ಎಂಟರಲ್ಲಿ ಏಳು ಜನ ಓದಲು ಬಾರದವರೇ ಆಗಿರುವುದು ಕಾಕತಾಳೀಯವೇ? ಹತ್ತೊಂಬತ್ತು ವರ್ಷ ಸರ್ವೀಸಿನ ಗೋವಿಂದಮ್ಮ ಹೆಚ್ಚುವರಿಯಾದರೆ ಹದಿನಾರು ವರ್ಷದ ನಾನು ಹೇಗೆ ಕಡಿಮೆವರಿಯಾದೆ? ನನ್ನನ್ನು ಬಿಟ್ಟದ್ದು ನನ್ನ ಮೇಲಿನ ಪ್ರೀತಿಯಿಂದಲೋ, ಜೋಡಣೆ ವಿಭಾಗಕ್ಕೆ ಬೇಕೆಂದೋ? ಇದು ಚುನಾವಣೆಯ ಕಾಲ, ಹಲಸೂರಿನ ಬೀದಿಬೀದಿಯಲ್ಲಿ ಕೈ ಮುಗಿಯುವವರು ಓಡಾಡುತ್ತಿದ್ದಾರೆ. ಅವರನ್ನು ನಾನು ಎಳ್ಳಷ್ಟೂ ನಂಬುವುದಿಲ್ಲ. ಆದರೆ ಒಂದು ಮಾತು ಒಪ್ಪಬೇಕು, ಓಟು ಹಾಕಿದ ತಪ್ಪಿಗೆ ಅವರು ಯಾರನ್ನೂ ಹೊಸಕೋಟೆ ದಾರಿಗೆ ಕಳಿಸುವುದಿಲ್ಲ.

ಜನರನ್ನು ಒಲಿಸಿಕೊಳ್ಳುವುದು ಹೇಗೆಂದು ನಿಮಗೆ ಯಾರೋ ತರಬೇತಿ ಕೊಟ್ಟಿದ್ದಾರೆ. ಸಂಶಯ ಪಡುವವರನ್ನು ಮೊದಲು ಹಿಡಿಯಿರಿ ಎಂದು ಹೇಳಿಕೊಟ್ಟಿದ್ದಾರೆ. ಒಳ್ಳೆಯ ಪಾಠವೇ. ಆದರೆ ಹಿಡಿದ ಮೇಲೆ ಅವರ ಸಂಶಯಕ್ಕೆ ಉತ್ತರ ಕೊಡಬೇಕು ಎಂಬ ಉಳಿದ ಅರ್ಧ ಪಾಠಕ್ಕೆ ನೀವು ಗೈರುಹಾಜರಾಗಿದ್ದಿರಿ ಅಂತ ಕಾಣುತ್ತದೆ. ಅಂಜನಮೂರ್ತಿಯವರು ಹೋದ ವಾರ ಕೈ ತೊಳೆಯುವ ನಲ್ಲಿಯ ಹತ್ತಿರ ನನಗೆ ಮೆಲ್ಲಗೆ ಹೇಳಿದರು, 'ನೀವು ಅವ್ರ ಕಡೆ ಅಂತ ಯಾರೂ ಅಂತಿಲ್ಲ ವಿಮಲಕ್ಕಾ. ಆದ್ರೆ ಅವರೇ ಬಂದು ಕೇಳಿದ್ರೆ ನಾವ್ ಸಹಿ ಹಾಕ್ತಿರ್ಲಿಲ್ಲ.' ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪ್ರತಿ ವರ್ಷ ಏಪ್ರಿಲ್ ಹದಿನಾಲ್ಕರ ಜಯಂತಿಗೆ ಅವರ ಮನೆಯಲ್ಲಿ ಪಾಯಸ ಉಣ್ಣುತ್ತಿದ್ದೆ. ಈ ವರ್ಷವೂ ಕರೆದರು. ನಾನೇ ಹೋಗಲಿಲ್ಲ.

ನನ್ನ ಬೇಡಿಕೆ ಇಷ್ಟು. ನಾಳೆ ಶನಿವಾರ ಹತ್ತು ಗಂಟೆಗೆ ನೀವೇ, ನಿಮ್ಮ ಅಧಿಕಾರಿಯಲ್ಲ, ಕ್ಯಾಂಟೀನಿನ ಮೂರನೇ ಮೇಜಿನ ಹತ್ತಿರ ನಿಂತು ಎರಡನೇ ಅನುಬಂಧವನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿ ಓದಿ. ಅನೀಸ್ ಭಾಯ್ ದಖನಿಯಲ್ಲಿ ಹೇಳುತ್ತಾರೆ. ನಲವತ್ತೊಂದು ಸಹಿಗಳ ಆ ಹಾಳೆಯನ್ನು ಹಿಂದಿರುಗಿಸಿ, ಆಮೇಲೆ ಮತ್ತೆ ಕೇಳಿ. ಕೇಳಿದ ಮೇಲೂ ಜನ ಒಪ್ಪಿದರೆ ನಾನು ತುಟಿ ಬಿಚ್ಚುವುದಿಲ್ಲ. ಅಲ್ಲಿಯವರೆಗೆ ಸೋಮವಾರದ ಆದೇಶ ನಿಲ್ಲಬೇಕು. ಅದೂ ಆಗುವುದಿಲ್ಲ, ಗೋಡೌನಿಗೆ ಎಂಟು ತಲೆ ಬೇಕೇ ಬೇಕು ಎನ್ನುತ್ತೀರಾದರೆ ಗೋವಿಂದಮ್ಮನ ಹೆಸರು ಹೊಡೆದು ಅಲ್ಲಿ ನನ್ನ ಹೆಸರು ಬರೆಯಿರಿ. ನಮ್ಮ ಯಜಮಾನರು ಡಬ್ಬಿ ಕಟ್ಟಿಕೊಂಡು ಹೋಗುತ್ತಾರೆ, ಮಧ್ಯಾಹ್ನ ನನ್ನ ಕೈತುತ್ತಿಗೆ ಕಾಯುವವರು ಮನೆಯಲ್ಲಿ ಯಾರೂ ಇಲ್ಲ. ಎರಡು ಬಸ್ಸು ಹತ್ತುವುದು ನನಗೂ ಇಷ್ಟವಿಲ್ಲ, ಮೊಣಕಾಲು ನೋವಿದೆ, ಈ ಪತ್ರಕ್ಕೆ ನೀವು ಚಾರ್ಜ್‌ಶೀಟು ಕೊಡುತ್ತೀರೆಂದೂ ಗೊತ್ತು. ಕೊಡಿ. ಈ ಸಲ ಹೆಸರನ್ನು ಚೆನ್ನಾಗಿ ಅಚ್ಚು ಹಾಕಿಸಿ.

ಮುಗಿಸುವ ಮುನ್ನ ನಿನ್ನೆಯ ಸಂಗತಿಯೊಂದನ್ನು ಹೇಳಬೇಕು. ಹತ್ತು ಗಂಟೆಗೆ ಒಂದು ಸುತ್ತೋಲೆ ಬಂತು, ನೀರಿನ ತೊಟ್ಟಿ ತೊಳೆಯುವುದರಿಂದ ಶುಕ್ರವಾರ ಮಧ್ಯಾಹ್ನ ನಲ್ಲಿ ಬರುವುದಿಲ್ಲ ಎಂದು. ನಾಲ್ಕೇ ಸಾಲು. ಅಭ್ಯಾಸದಂತೆ ನಿಂತು ಓದಿ ಹೇಳಿದೆ. ಗೋವಿಂದಮ್ಮ ಎದುರಿಗೇ ಕೂತಿದ್ದಳು, ಹಿಂದ್ಗಡೆ ಏನೈತಕ್ಕಾ ಎಂದು ಕೇಳಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ತಾನೇ ತಿರುಗಿಸಿ ನೋಡಿದಳು. ಓದಲು ಬಾರದವಳು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ನನಗೆ ಕೊಡದೆ ಪಕ್ಕದವರ ಕೈಗೆ ಕೊಟ್ಟಳು. ಅವರೂ ತಿರುಗಿಸಿ ನೋಡಿದರು.

ಇಂತಿ,
ನಿಮ್ಮ ಹಾಳೆಯಲ್ಲಿ ಎರಡು ಕೆಂಪು ಗೆರೆ ಎಳೆಸಿಕೊಂಡು ಹಿಗ್ಗಿದವಳು,
ವಿಮಲಾಕ್ಷಿ
ತಪಾಸಣೆ ವಿಭಾಗ
ಏಪ್ರಿಲ್ ೧೬, ೨೦೦೪

ಕ್ಯಾಂಟೀನಿನ ಬಾಗಿಲು ಗಾಜಿನದು. ಈ ಪತ್ರದ ಹಿಂಭಾಗ ಒಳಗಿನಿಂದ ಕಾಣುತ್ತದೆ, ಅಲ್ಲಿ ಏನೂ ಬರೆದಿಲ್ಲ. ನನ್ನ ಮಾತು ನಂಬಬೇಡಿ, ಒಳಗೆ ಹೋಗಿ ನೋಡಿಕೊಳ್ಳಿ.